ಎಡಗಡೆಯ ಕನ್ನಡಿ

ಫೆಬ್ರವರಿ ೯, ಸೋಮವಾರ

ಈ ಪುಸ್ತಕ ಗ್ಲೆನಿಸ್ ಕೊಟ್ಟಿದ್ದು. "ದಿನಾ ನನ್ನ ತಲೆ ತಿನ್ನೋ ಬದಲು ಇದರಲ್ಲಿ ಬರಿ, ನೆವ್" ಎಂದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡನ ಮಾತಿಗೆ ಸಿಗುವ ಮರ್ಯಾದೆ ಇದು. ಸರಿ, ಬರೆಯುತ್ತೇನೆ. ಯೂಟ್ ಗಾಡಿ ಕೊಳ್ಳುವವರೆಗೆ ಮಾತ್ರ.

ವಿಷಯ ಇಷ್ಟೇ. ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಮನೆ, ಬಂದು ಅಂಗಳದಲ್ಲಿ ನಿಂತಿದೆ, ಅದನ್ನು ಎಳೆಯುವ ಗಾಡಿ ಇಲ್ಲ. ಎಳೆಯುವುದನ್ನು ಮೊದಲು ಕೊಳ್ಳಿ, ಎಳೆಸಿಕೊಳ್ಳುವುದನ್ನು ಆಮೇಲೆ ಎಂದು ಊರಿಗೆಲ್ಲ ಬುದ್ಧಿ ಹೇಳಿದವನು ನಾನೇ. ಆದರೆ ನವೆಂಬರಿನಲ್ಲಿ ಆಚೆ ಬೀದಿಯಲ್ಲೊಂದು ಹಳೆಯ ಕ್ಯಾರವಾನ್ ಮಾರಾಟಕ್ಕೆ ಬಂತು. ನೋಡಿ ಬರೋಣ ಎಂದು ಹೋದೆವು. ಗ್ಲೆನಿಸ್ ಒಳಗೆ ಹೋಗಿ ಆ ಪುಟ್ಟ ಒಲೆಯ ಮುಂದೆ ನಿಂತು, ಕಪಾಟುಗಳನ್ನು ಒಂದೊಂದಾಗಿ ತೆರೆದು ಮುಚ್ಚಿದಳು. ಆ ಮುಖ ನೋಡಿ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಹೋಗಬೇಕಾಗಿರುವುದು ದೇಶದ ಆ ತುದಿಗೆ, ಪಶ್ಚಿಮಕ್ಕೆ. ಅಲ್ಲಿ ಮಲ್ಲೇವಾ ಎಂಬ ಊರಿನ ಹತ್ತಿರ ಆಗಸ್ಟ್ ತಿಂಗಳಲ್ಲಿ ಒಂದು ಹೂ ಅರಳುತ್ತದೆ, ನೆಲಕ್ಕೆ ಹಾರ ಹಾಸಿದ ಹಾಗೆ ದುಂಡಗೆ. ಅದು ಹೆಚ್ಚಾಗಿ ಹುಟ್ಟುವುದು ಗ್ರೇಡರ್ ಕೆರೆದು ಹೋದ ಮಣ್ಣುರಸ್ತೆಯ ಅಂಚಿನಲ್ಲಿ. ನಾನು ಕೌನ್ಸಿಲ್‌ನ ಗ್ರೇಡರ್ ಓಡಿಸಿ, ಇಲ್ಲಿಯ ಮಣ್ಣುರಸ್ತೆಗಳನ್ನು ಮಟ್ಟ ಮಾಡಿಕೊಂಡೇ ನಿವೃತ್ತನಾದವನು. "ಜೀವಮಾನ ಪೂರ್ತಿ ಅಂಚು ಕೆರೆದೆ, ಮುಳ್ಳು ಬಿಟ್ರೆ ಏನಾದ್ರೂ ಹುಟ್ಟಿತಾ? ಅಲ್ಲಿನವರು ಹ್ಯಾಗೆ ಕೆರೀತಾರೆ ನೋಡ್ಕೊಂಡ್ ಬರೋಣ" ಎನ್ನುತ್ತಾಳೆ ಗ್ಲೆನಿಸ್.

ಮೇ ತಿಂಗಳಲ್ಲಿ ನನಗೆ ಎಪ್ಪತ್ತೈದು ತುಂಬುತ್ತದೆ. ಆಮೇಲೆ ಲೈಸೆನ್ಸ್ ಉಳಿಯಬೇಕಾದರೆ ವರ್ಷ ವರ್ಷ ಡಾಕ್ಟರು ಪರೀಕ್ಷೆ ಮಾಡಿ ಸಹಿ ಹಾಕಬೇಕು. ಕಣ್ಣು ಈಗಲೇ ತೋರಿಸು ಎಂದು ಗ್ಲೆನಿಸ್ ಕ್ರಿಸ್ಮಸ್ಸಿನಿಂದ ಒಂದೇ ಸಮನೆ ಹೇಳುತ್ತಿದ್ದಾಳೆ. ನನ್ನ ಕಣ್ಣಿಗೆ ಏನಾಗಿದೆ? ದೂರದ ಬೋರ್ಡನ್ನು ಅವಳಿಗಿಂತ ಮೊದಲು ನಾನು ಓದುತ್ತೇನೆ.

ಫೆಬ್ರವರಿ ೧೪, ಶನಿವಾರ

ಡಬ್ಬೋ ಪಟ್ಟಣಕ್ಕೆ ಹೋಗಿ ಮೊದಲ ಯೂಟ್ ನೋಡಿದೆವು. ಬಿಳಿ ಬಣ್ಣ, ಡೀಸೆಲ್, ನಾಲ್ಕು ಬಾಗಿಲು, ಹಿಂದೆ ಸಾಮಾನಿಗೆ ತೆರೆದ ತೊಟ್ಟಿ. ಅಲ್ಲಿಯವರೆಗೆ ಗ್ಲೆನಿಸ್ ತನ್ನ ಪುಟ್ಟ ಕಾರನ್ನು ತಾನೇ ಓಡಿಸಿದಳು. ಈಚೆಗೆ ಎಲ್ಲಿಗೆ ಹೊರಟರೂ ಕೀಲಿ ಮೊದಲೇ ಅವಳ ಕೈಯಲ್ಲಿರುತ್ತದೆ. ಅಭ್ಯಾಸ ತಪ್ಪಬಾರದಂತೆ.

ಮಾರುವ ಹುಡುಗನ ಹೆಸರು ಜಾರೆಡ್. ನನ್ನ ಮೊಮ್ಮಗನ ವಯಸ್ಸು, ಬಾಯಿ ತೆರೆದರೆ "ಮೇಟ್", ಹಳೆಯ ಗೆಳೆಯನ ಹಾಗೆ.

"ಮೂರೂವರೆ ಟನ್ ಎಳೆಯುತ್ತೆ ಮೇಟ್. ನಿಮ್ಮ ಕ್ಯಾರವಾನ್ ಯಾವ ಲೆಕ್ಕ!"

"ಅಷ್ಟು ಎಳೆಯೋವಾಗ ಒಳಗೆ ಎಷ್ಟು ಜನ ಕೂರಬಹುದು?"

"ಐದು ಜನ, ಆರಾಮಾಗಿ."

"ಬುರುಡೆ ಬಿಡಬೇಡ. ಹಿಂದೆ ಅಷ್ಟು ಭಾರ ಕಟ್ಟಿದ್ರೆ ಒಳಗೆ ನಾನು, ಇವಳು, ನಾಯಿ, ಒಂದು ಫ್ರಿಜ್ಜು, ಅಷ್ಟಕ್ಕೇ ಕಾನೂನಿನ ತೂಕ ಮುಗಿದುಹೋಗುತ್ತೆ. ನೀನು ಮುಂದೆ ಕಾಂಗರೂ ತಡೆಯೋ ಕಬ್ಬಿಣದ ಬಾರ್ ಬೇರೆ ಹಾಕಿಸ್ಕೊಳ್ಳಿ ಅಂತಿದ್ದೀಯ. ಆಗ ನಾಯಿನ ಮನೇಲಿ ಬಿಡಬೇಕು."

"ನಾಯಿ ಬರುತ್ತೆ" ಎಂದಳು ಗ್ಲೆನಿಸ್. "ತೂಕ ಜಾಸ್ತಿ ಆದ್ರೆ ನೀನು ಇಳ್ಕೋ."

ಓಡಿಸಿ ನೋಡಿದೆ. ಎಂಜಿನ್ನಿಗೆ ಒಳ್ಳೆಯ ದಮ್ಮಿದೆ. ಆದರೆ ಎಡಗಡೆಯ ಕನ್ನಡಿ ತೀರಾ ಚಿಕ್ಕದು. ಸಿಗ್ನಲ್ ಬಿಟ್ಟು ತಿರುಗುವಾಗ ಎಡಕ್ಕೆ ಒಬ್ಬ ಸೈಕಲ್ ಸವಾರ ಎಲ್ಲಿಂದಲೋ ಪ್ರತ್ಯಕ್ಷನಾದ. ಗ್ಲೆನಿಸ್ ಕಿರುಚಿಕೊಂಡಳು, ನಾನು ಬ್ರೇಕ್ ಒತ್ತಿದೆ, ಅವನು ಬಾಯಿಗೆ ಬಂದದ್ದು ಬೈದು ಹೋದ. ಕನ್ನಡಿ ತೋರಿಸದಿದ್ದರೆ ನಾನೇನು ಮಾಡಲಿ? ಹಿಂದೆ ಕ್ಯಾರವಾನ್ ಕಟ್ಟಿಕೊಂಡವನಿಗೆ ಕನ್ನಡಿಯೇ ಜೀವ. ಬಿಳಿಯದು ಬೇಡವೆಂದು ಪಟ್ಟಿಯಿಂದ ಹೊಡೆದು ಹಾಕಿದೆ.

ಬೇಕರಿಯಲ್ಲಿ ಮಾಂಸದ ಪೈ ತಿಂದೆವು. ಕಾರಿನವರೆಗೂ ಗ್ಲೆನಿಸ್ ನನ್ನ ಎಡತೋಳು ಹಿಡಿದುಕೊಂಡೇ ಬಂದಳು. "ಬಿಡು, ಎಲ್ಲಿಗೂ ಓಡಿಹೋಗಲ್ಲ" ಎಂದೆ. ಬಿಡಲಿಲ್ಲ. ಮುದಿವಯಸ್ಸಿಗೆ ಇವಳಿಗೆ ಪ್ರೀತಿ ಉಕ್ಕಿ ಬಂದಿದೆ.

ಫೆಬ್ರವರಿ ೨೪, ಮಂಗಳವಾರ

ಬ್ಲೂಯಿ ಬಂದಿದ್ದ. ನನ್ನ ಗ್ರೇಡರ್ ಹಿಂದೆ ನೀರಿನ ಲಾರಿ ಓಡಿಸುತ್ತಿದ್ದವನು. ಕೆಂಪು ತಲೆಯವನಿಗೆ ತಮಾಷೆಗೆ 'ನೀಲಿ' ಎಂದು ಇಟ್ಟ ಹೆಸರು. ಈಗ ತಲೆಯಲ್ಲಿ ಕೆಂಪೂ ಇಲ್ಲ, ಕೂದಲೂ ಇಲ್ಲ, ಹೆಸರು ಮಾತ್ರ ಉಳಿದಿದೆ.

"ಲೇ ನೆವ್, ನಿಮ್ಮಪ್ಪ ಯಾವ ಕಂಪನಿ ಗಾಡಿ ಓಡಿಸ್ತಿದ್ದ?"

ಹೇಳಿದೆ.

"ಮತ್ತೆ ಬೇರೆ ಅಂಗಡಿಗಳಿಗೆ ಯಾಕಪ್ಪಾ ಅಲೀತಿದ್ದೀಯ? ಚರ್ಚು ಬದಲಾಯಿಸು, ಬೇಕಾದ್ರೆ ಹೆಂಡ್ತಿನ ಬದಲಾಯಿಸು, ಯೂಟ್ ಕಂಪನಿ ಬದಲಾಯಿಸ್ತಾರಾ ಯಾರಾದ್ರೂ?"

"ಬದಲಾಯಿಸ್ಲಿ ಬಿಡು" ಎಂದು ಗ್ಲೆನಿಸ್ ಅಡುಗೆಮನೆಯಿಂದ ಕೂಗಿದಳು. "ಹೊಸ ಹೆಂಡ್ತಿ ಬಂದ್ರೆ ಇವನ ಕನ್ನಡಿ ಪುರಾಣ ಅವಳು ಕೇಳ್ತಾಳೆ."

ರಾತ್ರಿ ಊಟಕ್ಕೆ ಕುರಿ ಚಾಪ್ಸ್ ಮತ್ತು ಆಲೂಗಡ್ಡೆ. "ಬಟಾಣಿ ಮಾಡಿಲ್ವಾ?" ಎಂದು ಕೇಳಿದೆ. ಗ್ಲೆನಿಸ್ ನನ್ನ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಇಟ್ಟಳು. ಬಟಾಣಿ ಇತ್ತು. ಅವಳು ಯಾವಾಗ ಬಡಿಸಿದಳೋ ಗೊತ್ತಾಗಲೇ ಇಲ್ಲ.

ಮಾರ್ಚ್ ೭, ಶನಿವಾರ

ಎರಡನೆಯ ಯೂಟ್, ಬೂದು ಬಣ್ಣ. ಸೀಟು ಸೋಫಾದ ಹಾಗಿದೆ. ಇದರ ಕನ್ನಡಿ ದೊಡ್ಡದೇ, ಒಪ್ಪುತ್ತೇನೆ. ಆದರೆ ಮುಂದಿನ ಗಾಜಿನ ಪಕ್ಕದ ಎಡಗಂಬ ತೀರಾ ದಪ್ಪ. ಒಂದು ಎಮ್ಮೆಯನ್ನು ಅದರ ಹಿಂದೆ ಬಚ್ಚಿಡಬಹುದು. ಅಂಗಡಿಯ ಗೇಟಿನಿಂದ ಹೊರಗೆ ಬರುವಾಗಲೇ ಎಡಚಕ್ರ ಕಟ್ಟೆ ಹತ್ತಿ ಇಳಿಯಿತು.

"ಎಡಕ್ಕೆ ನೋಡ್ಲಿಲ್ವಾ?" ಎಂದಳು ಗ್ಲೆನಿಸ್.

"ಕಂಬ ಅಡ್ಡ ಇದೆಯಲ್ಲೇ."

"ನನಗೆ ಕಾಣಿಸ್ತಲ್ಲ."

"ನೀನು ಎಡಗಡೆ ಕೂತಿದ್ದೀಯ, ನಿನಗೆ ಕಾಣದೆ ಏನು!"

ಅವಳು ಸೀಟುಬೆಲ್ಟ್ ಬಿಗಿ ಮಾಡಿಕೊಂಡಳು. ಈಗಿನ ಗಾಡಿಗಳನ್ನು ರಸ್ತೆ ನೋಡದವರು ತಯಾರು ಮಾಡುತ್ತಾರೆ ಎಂದು ಕಾಣುತ್ತದೆ.

ನಮ್ಮ ನಾಯಿ ಪಿಪ್ ಕೂಡ ಇತ್ತೀಚೆಗೆ ಹಟಮಾರಿಯಾಗಿದೆ. ನಡೆಯುವ ದಾರಿಯಲ್ಲೇ ಬಂದು ಮಲಗುತ್ತದೆ. ಇವತ್ತು ನಾನು ಎರಡು ಸಲ ಅದನ್ನು ಎಡವಿದೆ. ವಯಸ್ಸಾದ ನಾಯಿಗೆ ಬುದ್ಧಿ ಮಂಕಾಗುವುದು ಸಹಜ.

ಮಾರ್ಚ್ ೨೧, ಶನಿವಾರ

ಇವತ್ತಿನದು ಕೆಂಪು ಯೂಟ್. ಎಲ್ಲಕ್ಕಿಂತ ದೊಡ್ಡ ಎಂಜಿನ್. ಚಾಲೂ ಮಾಡಿ ಸುಮ್ಮನೆ ನಿಲ್ಲಿಸಿದ್ದರೂ ನೆಲ ನಡುಗುತ್ತದೆ. ಇದನ್ನು ನೋಡಿದ ಕೂಡಲೇ ಇದೇ ನನ್ನ ಯೂಟ್ ಎಂದು ಮನಸ್ಸು ಹೇಳಿಬಿಟ್ಟಿತು.

ಒಂದೇ ಒಂದು ತಕರಾರು. ಪಕ್ಕದಲ್ಲಿ ಏನಾದರೂ ಬಂದರೆ, ಗಾಡಿ ಗೆರೆ ದಾಟಿದರೆ ಗಂಟೆ ಹೊಡೆದು ಹೇಳುವ ಯಂತ್ರ ಇದರಲ್ಲಿದೆ. ಹೊರಟಾಗಿನಿಂದ ಬಾಯಿ ಮುಚ್ಚಲಿಲ್ಲ. ಎಡಕ್ಕೆ ಟಿಣ್, ಎಡಕ್ಕೆ ಟಿಣ್. ಬಲಗಡೆ ಒಂದು ಸಲವೂ ಹೊಡೆಯಲಿಲ್ಲ, ಅಂದರೆ ಎಡಗಡೆಯ ಯಂತ್ರ ಕೆಟ್ಟಿದೆ ಎಂದೇ ಅರ್ಥ. ಇಲ್ಲಿ ಮಾರುವವಳು ಒಬ್ಬ ಹೆಂಗಸು. ಅವಳಿಗೆ ಹೇಳಿದೆ.

ಅವಳು ತಾನೇ ಒಂದು ಸುತ್ತು ಓಡಿಸಿ ಬಂದು, "ಸರಿಯಾಗೇ ಇದೆಯಲ್ಲ" ಎಂದಳು.

"ಹಾಗಾದ್ರೆ ಇದನ್ನ ಬಾಯಿ ಮುಚ್ಚಿಸೋದು ಹ್ಯಾಗೆ ಹೇಳು."

ಅವಳು ಗ್ಲೆನಿಸ್ ಕಡೆ ನೋಡಿದಳು. ಗ್ಲೆನಿಸ್ ಕೈಚೀಲದೊಳಗೆ ಏನೋ ಹುಡುಕತೊಡಗಿದಳು. ಮನೆಗೆ ಬರುವಾಗಲೂ ಕಾರನ್ನು ಗ್ಲೆನಿಸ್ ಓಡಿಸಿದಳು. ಕೊನೆಗೆ ಊರು ಹತ್ತಿರ ಬಂದಾಗ, "ಯೂಟ್ ಹೇಳಿದ್ರೂ ಕೇಳಲ್ಲ, ನಾನು ಹೇಳಿದ್ರೂ ಕೇಳಲ್ಲ" ಎಂದಳು. ಏನು ಕೇಳಬೇಕೋ ನನಗೆ ತಿಳಿಯಲಿಲ್ಲ.

ಏಪ್ರಿಲ್ ೧೧, ಶನಿವಾರ

ಬರೆಯುವುದೋ ಬೇಡವೋ ಎಂದು ಬಹಳ ಹೊತ್ತು ಕೂತಿದ್ದೆ.

ಕ್ಯಾರವಾನ್ ಕಟ್ಟಿ ಎಳೆದು ನೋಡದೆ ಕೊಳ್ಳುವುದಿಲ್ಲ ಎಂದು ಹಟ ಹಿಡಿದಿದ್ದಕ್ಕೆ, ಅಂಗಡಿಯವರು ಕೆಂಪು ಯೂಟನ್ನು ಈ ವಾರಾಂತ್ಯಕ್ಕೆ ನಮ್ಮ ಹತ್ತಿರ ಬಿಟ್ಟಿದ್ದರು. ಬೆಳಿಗ್ಗೆ ಕ್ಯಾರವಾನ್ ಸಿಕ್ಕಿಸಿಕೊಂಡು ಹಳೆಯ ಮಿಲ್ ರಸ್ತೆಗೆ ಹೋದೆವು. ಆ ರಸ್ತೆ ನನ್ನದು. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಕಲ್ಲು ಏಳುತ್ತದೆ, ಎಲ್ಲ ಅಂಗೈ ಮೇಲಿದೆ. ಅದರ ಅಂಚಿನ ಬಿಳಿ ಕಂಬಗಳನ್ನು ನೆಟ್ಟವರು ನಾನು ಮತ್ತು ಬ್ಲೂಯಿ. ಗ್ರೇಡರಿನ ಅಲಗು ಆ ಕಂಬಗಳ ಪಕ್ಕದಲ್ಲೇ ಹಾದು ಹೋಗಬೇಕು, ತಾಕಬಾರದು. ಕೆಲಸದಲ್ಲಿದ್ದಷ್ಟು ಕಾಲ ಒಂದು ಕಂಬವನ್ನೂ ನಾನು ಅಲುಗಾಡಿಸಿರಲಿಲ್ಲ. ಊರಿನಲ್ಲಿ ಇದನ್ನು ನಾನು ಹೇಳದ ಮನುಷ್ಯ ಇಲ್ಲ.

ಗಂಟೆಯ ಬಾಯಿ ಮುಚ್ಚಿಸಿದ್ದೆ. ಯೂಟ್ ಹಾಲು ಕುಡಿದಷ್ಟು ಸುಲಭವಾಗಿ ಕ್ಯಾರವಾನನ್ನು ಎಳೆಯುತ್ತಿತ್ತು. ಉದ್ದಕ್ಕೂ ಗ್ಲೆನಿಸ್ "ಬಲಕ್ಕೆ ಬಾ, ಇನ್ನೂ ಬಲಕ್ಕೆ" ಎನ್ನುತ್ತಿದ್ದಳು. ನಾನು ಹಾಡು ಗುನುಗುತ್ತಿದ್ದೆ. ಏನೋ ಸದ್ದಾಯಿತು. ಕಲ್ಲು ಸಿಡಿದಿರಬೇಕು ಎಂದುಕೊಂಡೆ.

"ನಿಲ್ಸು" ಎಂದಳು.

"ಯಾಕೆ? ಹೊಟ್ಟೆ ತೊಳಸ್ತಿದೆಯಾ?"

"ನೆವಿಲ್, ಗಾಡಿ ನಿಲ್ಸು."

ಪೂರ್ತಿ ಹೆಸರು ಕರೆದಳೆಂದರೆ ಆಟವಲ್ಲ. ನಿಲ್ಲಿಸಿದೆ. ಇಳಿದು ಬಂದು ನನ್ನ ಕೈಹಿಡಿದು ಹಿಂದಕ್ಕೆ ನಡೆಸಿಕೊಂಡು ಹೋದಳು. ಕ್ಯಾರವಾನಿನ ಎಡಮೈ ಉದ್ದಕ್ಕೂ ಗೀರು. ಹಿಂದೆ ಒಂದು ಕಂಬ ನೆಲಕಚ್ಚಿತ್ತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ, ತಿರುವಿನ ಹತ್ತಿರ, ಮತ್ತೊಂದು.

"ಕ್ಯಾರವಾನ್ ಯೂಟ್‌ಗಿಂತ ಅಗಲ ಇದೆ. ಕನ್ನಡಿಗೆ ಉದ್ದದ ಕೈ ಹಾಕಿಸ್ಬೇಕು" ಎಂದೆ.

ಅವಳು ನನ್ನ ಭುಜ ಹಿಡಿದಳು. ನನ್ನನ್ನು ರಸ್ತೆಯ ನಡುವೆ ನಿಲ್ಲಿಸಿ, "ಆ ನೀಲಗಿರಿ ಮರ ಕಾಣ್ತಿದೆಯಾ? ಅದನ್ನೇ ನೋಡ್ತಾ ಇರು. ತಲೆ ಅಲ್ಲಾಡಿಸಬೇಡ" ಎಂದಳು. ಬೂಟುಗಳ ಸದ್ದಾಯಿತು.

"ನಾನೀಗ ಎಲ್ಲಿದ್ದೀನಿ?"

"ಹಿಂದೆ."

"ನಿನ್ನ ಮುಂದೇನೇ ಇದ್ದೀನಿ, ಒಂಚೂರು ಎಡಕ್ಕೆ. ಕೈ ಬೀಸ್ತಾ ಇದ್ದೀನಿ ನೋಡು."

ನಾನು ಮರವನ್ನೇ ನೋಡುತ್ತಿದ್ದೆ. ಮರ ಸರಿಯಾಗಿ ಕಾಣುತ್ತಿತ್ತು, ಒಂದೊಂದು ಎಲೆಯೂ. ಗ್ಲೆನಿಸ್ ಎಲ್ಲೂ ಇರಲಿಲ್ಲ. ಆಮೇಲೆ ಅವಳ ಬೆರಳು ನನ್ನ ಎಡಗೆನ್ನೆಗೆ ತಾಕಿತು, ನಾನು ಬೆಚ್ಚಿಬಿದ್ದೆ. ತಲೆ ತಿರುಗಿಸಿದಾಗ ಅವಳು ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಅಳುತ್ತಿದ್ದಳು.

ಬ್ಲೂಯಿಗೆ ಫೋನ್ ಮಾಡಿದಳು. ಅವನು ಬಂದು ಯೂಟನ್ನೂ ಕ್ಯಾರವಾನನ್ನೂ ಮನೆಗೆ ತಂದ. ಬಿದ್ದ ಕಂಬಗಳ ಬಗ್ಗೆ ಅವನು ಒಂದೇ ಒಂದು ತಮಾಷೆ ಮಾಡಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಏಪ್ರಿಲ್ ೧೨, ಭಾನುವಾರ

ಕೆಂಪು ಯೂಟನ್ನು ಬ್ಲೂಯಿ ವಾಪಸು ಬಿಟ್ಟು ಬಂದ. ಬಿದ್ದ ಕಂಬಗಳ ವಿಷಯ ಕೌನ್ಸಿಲ್‌ಗೆ ನಾನೇ ಫೋನ್ ಮಾಡಿ ಹೇಳಿದೆ.

ಏಪ್ರಿಲ್ ೧೬, ಗುರುವಾರ

ಕಣ್ಣಿನ ಡಾಕ್ಟರು, ಆಮೇಲೆ ತಲೆಯ ಸ್ಕ್ಯಾನ್, ಆಮೇಲೆ ಮಿದುಳಿನ ಡಾಕ್ಟರ್ ಪೆನ್ರೋಸ್. ಎರಡು ದಿನ ಡಬ್ಬೋದಲ್ಲೇ ಕಳೆದೆವು.

ಕಣ್ಣು ಎರಡೂ ಚೆನ್ನಾಗಿವೆಯಂತೆ. ಕೆಟ್ಟಿರುವುದು ತಲೆಯೊಳಗೆ ನೋಡುವ ಜಾಗ. ಕ್ರಿಸ್ಮಸ್ ಊಟದ ದಿನ ತಲೆನೋವೆಂದು ಮಲಗಿದ್ದೆ, ಅವತ್ತೇ ಒಂದು ಸಣ್ಣ ರಕ್ತದ ಗಡ್ಡೆ ಅಲ್ಲಿ ಸಿಕ್ಕಿಹಾಕಿಕೊಂಡಿತ್ತು. ಎರಡು ಕಣ್ಣಿಗೂ ಎಡಭಾಗ ಹೋಗಿದೆ. ಕತ್ತಲೆಯಾಗಿ ಕಂಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಅಲ್ಲಿ ಏನೂ ಇಲ್ಲವೆಂದೇ ತಲೆ ತಿಳಿದುಕೊಂಡಿರುತ್ತದೆ, ಅದಕ್ಕೇ ಬಹಳ ಜನಕ್ಕೆ ಗೊತ್ತಾಗುವುದಿಲ್ಲ ಎಂದರು ಡಾಕ್ಟರು.

"ವಾಪಸ್ ಬರುತ್ತಾ?" ಎಂದೆ.

"ಇಷ್ಟು ದಿನ ಆದ್ಮೇಲೆ ಬರೋದು ಕಷ್ಟ. ತಲೆ ತಿರುಗಿಸಿ ಎಡಕ್ಕೆ ಹುಡುಕಿ ನೋಡೋದನ್ನ ಕಲಿಸ್ತಾರೆ. ಗಾಡಿ ಓಡಿಸೋದು ಮಾತ್ರ ಬೇಡ, ಮಿಸ್ಟರ್ ಹ್ಯಾಂಕಿನ್. ಇವತ್ತಿಂದಲೇ."

ಆಮೇಲೆ ಅವರು ಗ್ಲೆನಿಸ್ ಕಡೆ ತಿರುಗಿ, ಇವರು ಅಲ್ಲಿ ಇಲ್ಲಿ ಡಿಕ್ಕಿ ಹೊಡೆಯುವುದು ಯಾವಾಗಿನಿಂದ ಎಂದು ಕೇಳಿದರು.

"ಕ್ರಿಸ್ಮಸ್ ಆದಾಗಿನಿಂದ. ಬಾಗಿಲಿಗೆ, ಜನಕ್ಕೆ, ನಾಯಿಗೆ. ಅದಕ್ಕೇ ಹೊರಗೆ ಹೋದಾಗೆಲ್ಲ ನಾನು ಎಡಗಡೆ ನಡೀತೀನಿ" ಎಂದಳು.

ಪ್ರೀತಿ ಉಕ್ಕಿದೆ ಎಂದು ಈ ಪುಸ್ತಕದಲ್ಲಿ ಬರೆದಿದ್ದೇನೆ. ಅದನ್ನು ಹೊಡೆದು ಹಾಕಬೇಕೋ ಬೇಡವೋ ತಿಳಿಯಲಿಲ್ಲ. ಹಾಗೇ ಬಿಟ್ಟಿದ್ದೇನೆ.

ಏಪ್ರಿಲ್ ೨೭, ಸೋಮವಾರ

ಕ್ಯಾರವಾನ್ ಮಾರಿಬಿಡೋಣ ಎಂದೆ. ಗ್ಲೆನಿಸ್ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿಯನ್ನು ಇನ್ನೂ ಜೋರಾಗಿ ತಿರುಗಿಸಿದಳು.

ಮೇ ೫, ಮಂಗಳವಾರ

ಎಪ್ಪತ್ತೈದು. ಲೈಸೆನ್ಸ್ ವಾಪಸು ಕೊಟ್ಟು ಬಂದೆ. ಕೌಂಟರಿನ ಹೆಂಗಸು ಹುಟ್ಟುಹಬ್ಬದ ಶುಭಾಶಯ ಹೇಳಿದಳು. ಕೇಕ್ ತಿನ್ನಲು ಮನಸ್ಸಾಗಲಿಲ್ಲ.

ಮೇ ೭, ಗುರುವಾರ

ಜಗಳ. ತಿಂಡಿಯ ಹೊತ್ತಿಗೆ ಗ್ಲೆನಿಸ್ ಎದುರಿಗೆ ಕೂತು, "ಶನಿವಾರ ಡಬ್ಬೋಗೆ ಹೋಗ್ತಿದ್ದೀವಿ, ಯೂಟ್ ತರೋಕೆ" ಎಂದಳು.

"ಯಾರು ಓಡಿಸ್ತಾರೆ? ನಾಯಿನಾ?"

"ನಾನು."

ನಾನು ನಕ್ಕೆ. ಜೋರಾಗಿಯೇ ನಕ್ಕೆ. ಅಂಗಡಿಗೆ ಹೋಗಿ ಬರುವ ಪುಟ್ಟ ಕಾರು ಬಿಟ್ಟು ಬೇರೇನೂ ಓಡಿಸಿದವಳಲ್ಲ. ಶಾಲೆಯ ಕ್ಯಾಂಟೀನ್ ನಡೆಸಿದವಳು.

"ನಿನ್ನ ಹಿಂದೆ ಇರೋದು ಎರಡೂವರೆ ಟನ್ ಕಣೇ. ಗಾಳಿ ಬಂದ್ರೆ ಬಾಲ ಅಲ್ಲಾಡಿಸುತ್ತೆ. ದೊಡ್ಡ ಲಾರಿ ಪಕ್ಕದಲ್ಲಿ ಹೋದ್ರೆ ಎಳ್ಕೊಂಡು ಹೋಗುತ್ತೆ."

"ಮುನ್ನೂರು ಮಕ್ಕಳಿಗೆ ಒಂದೇ ಗಂಟೇಲಿ ಊಟ ಹಾಕಿದ್ದೀನಿ, ಎರಡೂವರೆ ಟನ್ ಏನು ಮಹಾ! ಕಲಿಸ್ತೀಯೋ, ಇಲ್ಲ ಬ್ಲೂಯಿ ಹತ್ರ ಕಲೀಲೋ?"

"ಬ್ಲೂಯಿಗೆ ಕ್ಯಾರವಾನ್ ಹಿಂದಕ್ಕೆ ಬಿಡೋಕೆ ಬರಲ್ಲ" ಎಂದೆ.

"ಅದಕ್ಕೇ ನಿನ್ನ ಕೇಳ್ತಿರೋದು."

ಎದ್ದು ಅಂಗಳಕ್ಕೆ ಹೋದೆ. ಕೋಪ ಬಂದಿತ್ತು. ಅವಳು ಓಡಿಸುತ್ತಾಳೆ, ನಾನು ಮೂಟೆಯ ಹಾಗೆ ಪಕ್ಕದಲ್ಲಿ ಕೂರಬೇಕು. ಮಧ್ಯಾಹ್ನದವರೆಗೆ ಅಲ್ಲೇ ಕೂತು ಕ್ಯಾರವಾನಿನ ಗೀರಿಗೆ ಪಾಲಿಶ್ ಉಜ್ಜಿದೆ. ಪೂರ್ತಿ ಹೋಗುವುದಿಲ್ಲ, ಆದರೆ ದೂರದಿಂದ ಗೊತ್ತಾಗುವುದಿಲ್ಲ.

ಮೇ ೯, ಶನಿವಾರ

ಮತ್ತೆ ಮೊದಲಿನಿಂದ. ಇಷ್ಟು ದಿನ ಎಂಜಿನ್ ನೋಡಿದೆ, ಇವತ್ತು ಗ್ಲೆನಿಸ್‌ಳನ್ನು ನೋಡಿದೆ. ಅವಳು ಕುಳ್ಳಿ. ಕೆಂಪು ಯೂಟಿನಲ್ಲಿ ಕೂತರೆ ಮೂತಿಯ ಆಚೆಗಿನ ರಸ್ತೆಯೇ ಕಾಣುವುದಿಲ್ಲ, ಏರುವುದಕ್ಕೆ ಏಣಿ ಬೇಕು. ಬೂದು ಯೂಟಿನಲ್ಲಿ ಬ್ರೇಕಿಗೆ ಕಾಲು ಸಿಗುವಷ್ಟು ಸೀಟು ಮುಂದೆ ಎಳೆದರೆ ಸ್ಟೀರಿಂಗ್ ಎದೆಗೆ ಒತ್ತುತ್ತದೆ. ಅವಳ ಮಣಿಕಟ್ಟಿನಲ್ಲಿ ವಾತ ಬೇರೆ.

ಕೊನೆಗೆ ಜಾರೆಡ್‌ನ ಬಿಳಿ ಯೂಟ್. ಹತ್ತಿದಳು, ಸೀಟು ಏರಿಸಿಕೊಂಡಳು, ಸ್ಟೀರಿಂಗ್ ಹತ್ತಿರ ಎಳೆದುಕೊಂಡಳು. ಕಾಲು ಆರಾಮವಾಗಿ ಸಿಕ್ಕಿತು. ಒಂದು ಬೆರಳಿನಲ್ಲಿ ಸ್ಟೀರಿಂಗ್ ತಿರುಗಿಸಿ, "ಆಹಾ, ಬೆಣ್ಣೆ" ಎಂದಳು. ನಾನು ಪಕ್ಕದಲ್ಲಿ, ಎಡಗಡೆಯ ಸೀಟಿನಲ್ಲಿ ಕೂತೆ. ಎಷ್ಟೋ ವರ್ಷಗಳಿಂದ ಅವಳು ಕೂರುತ್ತಿದ್ದ ಜಾಗ. ಅಲ್ಲಿಂದ ನೋಡಿದರೆ ನನ್ನ ಬಲಕ್ಕೆ ಗ್ಲೆನಿಸ್ ತಲೆಯಿಂದ ಕಾಲಿನವರೆಗೆ ಪೂರ್ತಿ ಕಾಣುತ್ತಾಳೆ. ಹೊಸ ಕೆಲಸ ಮಾಡುವಾಗ ನಾಲಿಗೆಯ ತುದಿ ಕಚ್ಚಿಕೊಳ್ಳುತ್ತಾಳೆ.

ಭಾರದ ಲೆಕ್ಕ ಹಾಕಿಸಿದೆ. ಮುಂದಿನ ಕಬ್ಬಿಣದ ಬಾರ್ ಬೇಡ, ಮಿಕ್ಕ ಅಲಂಕಾರಗಳೂ ಬೇಡ, ನಾಯಿಗೆ ಜಾಗ ಬೇಕು.

ಜಾರೆಡ್ ಒಳ್ಳೆಯ ನೆನಪಿನವನು. "ಆವತ್ತು ಎಡಗಡೆ ಕನ್ನಡಿ ಚಿಕ್ಕದು ಅಂತ ಬಿಟ್ಟು ಹೋಗಿದ್ರಲ್ಲ ಮೇಟ್?"

ಗ್ಲೆನಿಸ್ ಏನೋ ಹೇಳಲು ಹೊರಟಳು. ನಾನು ಮೊದಲೇ ಹೇಳಿದೆ.

"ಕನ್ನಡಿ ಸರಿಯಾಗೇ ಇದೆ ಕಣಯ್ಯಾ. ನನಗೆ ಎಡಗಡೆ ಕಾಣ್ಸಲ್ಲ."

ಹುಡುಗ ಆ ಕನ್ನಡಿಯನ್ನು ಅಂಗಿಯ ತೋಳಿನಿಂದ ಒರೆಸಿದ. ಕಾಫಿ ತರುತ್ತೇನೆಂದು ಹೋದ. ನಾನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಹಸಿವಾಯಿತು.

ಜೂನ್ ೧೪, ಭಾನುವಾರ

ಯೂಟ್ ಬಂದು ಎರಡು ವಾರವಾಯಿತು. ಕ್ಯಾರವಾನ್ ಎಳೆಯುವಾಗ ಬೇಕೆಂದು ಎರಡೂ ಕನ್ನಡಿಗಳಿಗೆ ಉದ್ದದ ಕೈ ಹಾಕಿಸಿದ್ದೇನೆ. ಮುಂದಕ್ಕೆ ಓಡಿಸುವುದರಲ್ಲಿ ಗ್ಲೆನಿಸ್‌ಗೆ ಕಷ್ಟವಿಲ್ಲ. ನನಗಿಂತ ನಿಧಾನ, ನನಗಿಂತ ನಯ. ಕಷ್ಟ ಇರುವುದು ಹಿಂದಕ್ಕೆ ಬಿಡುವುದರಲ್ಲಿ. ಯೂಟನ್ನು ಒಂದು ಕಡೆ ತಿರುಗಿಸಿದರೆ ಕ್ಯಾರವಾನ್ ಇನ್ನೊಂದು ಕಡೆ ಹೋಗುತ್ತದೆ. ಗಂಡ ಹೆಂಡಿರ ಸಂಬಂಧ ಕೆಡಿಸಲು ಇದಕ್ಕಿಂತ ಒಳ್ಳೆಯ ಉಪಾಯ ಯಾರೂ ಕಂಡುಹಿಡಿದಿಲ್ಲ. ಕ್ಯಾರವಾನಿನವರು ರಾತ್ರಿ ತಂಗುವ ಪಾರ್ಕುಗಳಲ್ಲಿ ಸಂಜೆಯಾದರೆ ಜನ ಕುರ್ಚಿ ಹಾಕಿಕೊಂಡು ಬಿಯರ್ ಹಿಡಿದು ಕೂರುವುದೇ ಹೊಸದಾಗಿ ಬಂದವರ ಈ ಜಗಳ ನೋಡುವುದಕ್ಕೆ. ಡೇರೆ ಹಾಕುತ್ತಿದ್ದ ಕಾಲದಲ್ಲಿ ನಾವೂ ಬೇಕಾದಷ್ಟು ನೋಡಿ ನಕ್ಕಿದ್ದೇವೆ.

ಜಾತ್ರೆ ಮೈದಾನದಲ್ಲಿ ಖಾಲಿ ಡ್ರಮ್ಮುಗಳನ್ನು ಇಟ್ಟು ಅಭ್ಯಾಸ. ಹಿಂದೆ ನಿಂತು ಕೂಗಿದೆ.

"ಎಡಕ್ಕೆ! ಎಡಕ್ಕೆ! ಅಯ್ಯೋ, ಆ ಎಡಕ್ಕಲ್ಲ!"

"ಎಷ್ಟು ಎಡ ಇದೆ ನಿನ್ನ ಹತ್ರ?" ಎಂದು ಕಿಟಕಿಯಿಂದ ಕೂಗಿದಳು.

"ಕೂಗಾಡಬೇಡ!"

"ಕೂಗಾಡ್ತಿರೋದು ನೀನು!"

ಡ್ರಮ್ಮು ಉರುಳಿತು. ಅವಳು ಇಳಿದು ಬಾಗಿಲು ದಢಾರನೆ ಹಾಕಿ, ಪಿಪ್ ಅನ್ನು ಕರೆದುಕೊಂಡು ಮೈದಾನದ ಆ ತುದಿಗೆ ಹೋಗಿ ಕೂತಳು. ನಾನು ಡ್ರಮ್ಮನ್ನು ಎತ್ತಿ ನಿಲ್ಲಿಸಿದೆ. ಅದನ್ನು ಹುಡುಕಲು ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಬೇಕಾಯಿತು. ಸ್ವಲ್ಪ ಹೊತ್ತು ಬಿಟ್ಟು ಫ್ಲಾಸ್ಕಿನ ಟೀ ತೆಗೆದುಕೊಂಡು ಅವಳ ಹತ್ತಿರ ಹೋದೆ.

"ಎಡ ಬಲ ಬಿಟ್ಬಿಡು" ಎಂದೆ. "ಸ್ಟೀರಿಂಗನ್ನ ಕೆಳಗಡೆ ಹಿಡ್ಕೋ. ಕ್ಯಾರವಾನಿನ ಬಾಲ ಯಾವ ಕಡೆ ಹೋಗಬೇಕೋ ಕೈನ ಆ ಕಡೆ ತಗೊಂಡು ಹೋಗು. ನಾನು ಮಾತಾಡಲ್ಲ. ಕೈ ತೋರಿಸ್ತೀನಿ, ಅಷ್ಟೇ. ಕನ್ನಡೀಲಿ ನಾನು ಕಾಣ್ದೆ ಇದ್ರೆ ಅಲ್ಲೇ ನಿಲ್ಸು."

"ನೀನು ಮಾತಾಡದೆ ಇರ್ತೀಯಾ?"

"ಪ್ರಯತ್ನ ಮಾಡ್ತೀನಿ."

ಟೀ ಕುಡಿದಳು. ಆಮೇಲೆ ಎದ್ದು ಹೋಗಿ ಎರಡು ಡ್ರಮ್ಮುಗಳ ನಡುವೆ ಕ್ಯಾರವಾನನ್ನು ತಂದು ನಿಲ್ಲಿಸಿದಳು. ಸ್ವಲ್ಪ ಸೊಟ್ಟ. ಇರಲಿ.

ಜುಲೈ ೧೮, ಶನಿವಾರ, ಕೋಬಾರ್

ಬೆಳಿಗ್ಗೆ ಹೊರಟೆವು. ಬ್ಲೂಯಿ ಗೇಟಿನ ಹತ್ತಿರ ಬಂದು ನಿಂತಿದ್ದ. "ಗ್ಲೆನ್, ಕಂಬ ಕಂಡ್ರೆ ಹುಷಾರು, ನಿಮ್ಮ ಮನೆತನಕ್ಕೆ ಆಗಿಬರಲ್ಲ" ಎಂದ. ತಿಂಗಳುಗಳ ಮೇಲೆ ಅವನ ಬಾಯಿಂದ ತಮಾಷೆ ಬಂತು, ಸಮಾಧಾನವಾಯಿತು.

ದಾರಿಯಲ್ಲಿ ಎದುರಿನಿಂದ ಬರುವ ಗಾಡಿಗಳವರು ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಾರೆ, ನಾವೂ ಎತ್ತಬೇಕು. ಮೊದಮೊದಲು ಗ್ಲೆನಿಸ್ ಎರಡು ಕೈಯಲ್ಲೂ ಸ್ಟೀರಿಂಗ್ ಬಿಗಿಯಾಗಿ ಹಿಡಿದಿದ್ದರಿಂದ ಆ ಕೆಲಸ ನಾನು ಮಾಡಿದೆ. ನಿಂಗನ್ ಊರು ದಾಟಿದ ಮೇಲೆ ಅವಳೂ ಬೆರಳು ಎತ್ತತೊಡಗಿದಳು. ಗ್ಲೆನಿಸ್‌ಳ ಯೂಟ್ ಚೆನ್ನಾಗಿ ಎಳೆಯುತ್ತಿದೆ. ದಿಬ್ಬದಲ್ಲೂ ಬಿಸಿಯಾಗಲಿಲ್ಲ. ರಸ್ತೆಯ ಅಂಚು ಹೇಗಿದೆ ಎಂದು ತಲೆ ತಿರುಗಿಸಿ ನೋಡಿಕೊಂಡೇ ಬಂದೆ. ಇಲ್ಲಿಯ ಗ್ರೇಡರಿನವನಿಗೆ ಅಲಗು ಓರೆ ಮಾಡುವುದು ಗೊತ್ತಿಲ್ಲ. ಮಲ್ಲೇವಾದವನು ಹೇಗೋ ನೋಡಬೇಕು.

ಸಂಜೆ ಕೋಬಾರಿನ ಕ್ಯಾರವಾನ್ ಪಾರ್ಕಿಗೆ ಬಂದೆವು. ನಮಗೆ ಕೊಟ್ಟ ಜಾಗ ತೀರಾ ಇಕ್ಕಟ್ಟು. ಒಂದು ಪಕ್ಕ ಬೇರೆಯವರ ಹೊಸ ಕ್ಯಾರವಾನ್, ಇನ್ನೊಂದು ಪಕ್ಕ ನೀರಿನ ನಲ್ಲಿಯ ಕಂಬ. ಪ್ರೇಕ್ಷಕರು ಆಗಲೇ ಕುರ್ಚಿಗಳಲ್ಲಿ ಸಿದ್ಧರಾಗಿದ್ದರು. ಓಡಿಸುವ ಕಡೆ ಹೆಂಗಸು, ಇಳಿದವನು ಗಂಡಸು ಎಂದು ನೋಡಿ ಒಬ್ಬ ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡ.

"ಅಜ್ಜಾ, ಕೀಲಿ ಕಿತ್ಕೊಂಡ್ಬಿಟ್ರಾ?" ಎಂದು ಕೂಗಿದ.

"ಹೂಂ. ಒಳ್ಳೆಯವಳ ಕೈಗೆ ಹೋಗಿದೆ" ಎಂದೆ.

ಸ್ಟೀರಿಂಗ್ ಇರುವುದು ಬಲಗಡೆ. ಆದ್ದರಿಂದ ಹಿಂದಕ್ಕೆ ಬಿಡುವಾಗ ಓಡಿಸುವವರಿಗೆ ಎಡಮೂಲೆಯೇ ಕುರುಡು, ಅದು ಯಾರಿಗಾದರೂ ಅಷ್ಟೇ. ಕ್ಯಾರವಾನಿನ ಹಿಂದೆ, ಎಡಮೂಲೆಯಲ್ಲಿ, ಅವಳ ಎಡಗನ್ನಡಿಗೆ ಕಾಣುವ ಹಾಗೆ ಹೋಗಿ ನಿಂತೆ. ಅಲ್ಲಿ ನಿಂತರೆ ಕ್ಯಾರವಾನ್ ನನ್ನ ಬಲಕ್ಕೆ ಬರುತ್ತದೆ, ಪೂರ್ತಿ ಕಾಣುತ್ತದೆ. ನಲ್ಲಿಯ ಕಂಬ ನನ್ನ ಎಡಕ್ಕೆ. ಅದನ್ನು ತಲೆ ತಿರುಗಿಸಿ ತಿರುಗಿಸಿ ಹುಡುಕಿ ನೋಡಿಕೊಂಡೆ.

ಕೈ ಎತ್ತಿದೆ. ಬಾ. ಇನ್ನೂ ಬಾ. ಬಾಲ ಈ ಕಡೆ. ನಿಲ್ಲಿಸು. ಅವಳು ಅರ್ಧಕ್ಕೆ ನಿಲ್ಲಿಸಿದಳು, ಮುಂದಕ್ಕೆ ಹೋಗಿ ನೆಟ್ಟಗೆ ಮಾಡಿಕೊಂಡು ಮತ್ತೆ ಬಂದಳು. ನಾನು ಒಂದು ಮಾತೂ ಆಡಲಿಲ್ಲ. ಕಂಬಕ್ಕೂ ಕ್ಯಾರವಾನಿಗೂ ನಡುವೆ ಒಂದು ಗೇಣು ಉಳಿಯುವಂತೆ ಹಾದು, ಜಾಗದ ನಡುಮಧ್ಯೆ ಬಂದು ನಿಂತಳು. ಕುರ್ಚಿಯವರ ಹತ್ತಿರ ನಗುವುದಕ್ಕೆ ಏನೂ ಉಳಿಯಲಿಲ್ಲ. ಕೂಗಿದವನು ಬಿಯರ್ ಡಬ್ಬಿ ಎತ್ತಿ ತೋರಿಸಿ ಬೇರೆ ಕಡೆ ತಿರುಗಿದ.

ಗ್ಲೆನಿಸ್ ಎಂಜಿನ್ ಆರಿಸಿದ್ದು ಕೇಳಿಸಿತು, ಬಾಗಿಲು ಹಾಕಿದ್ದು ಕೇಳಿಸಿತು. ಆಫೀಸಿಗೆ ಹೋಗಿ ಹೆಸರು ಬರೆಸಬೇಕಿತ್ತು. ನಾನು ಎಡಗೈ ಚಾಚಿಕೊಂಡು ನಿಂತೆ. ಅವಳು ಬಂದದ್ದು ನನಗೆ ಕಾಣಲಿಲ್ಲ, ಅವಳ ಕೈ ಬಂದು ನನ್ನ ಕೈ ಸೇರಿತು.